ಮೊನೆ ಮುರಿದ ಕತ್ತಿ

ನನ್ನ ಅಂಗಡಿಯಲ್ಲಿ ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಸಣ್ಣ ಮಾತಲ್ಲ. ಬೀದರಿನ ಹಳೆ ಊರಿನ ಒಂದು ಓಣಿಯಲ್ಲಿ ನನ್ನ ವೆಲ್ಡಿಂಗ್ ಅಂಗಡಿ ಇದೆ. ದಸರೆಯ ಹಿಂದಿನ ದಿನ ನೆಲ ತೊಳೆದು, ವೆಲ್ಡಿಂಗ್ ಮಶೀನು, ಗ್ರೈಂಡರು, ಡ್ರಿಲ್ಲು, ಪಾನಾ, ಸುತ್ತಿಗೆ ಎಲ್ಲವನ್ನೂ ಒರೆಸಿ ಸಾಲಾಗಿ ಇಡುತ್ತೇನೆ. ನಡುವೆ ಕೆಂಪು ಬಟ್ಟೆ ಹಾಸಿ ಅದರ ಮೇಲೆ ಮುತ್ಯಾನ ಕತ್ತಿ ಇಡುತ್ತೇನೆ. ಮುತ್ಯಾ ಅಂದರೆ ನನ್ನ ತಂದೆಯ ತಂದೆ. ದೊಡ್ಡ ಲಡಾಯಿಯ ಕಾಲದಲ್ಲಿ ಬರ್ಮಾದ ಕಡೆ ಹೋದವನು, ತಿರುಗಿ ಬರಲಿಲ್ಲ. ಬಂದದ್ದು ಈ ಕತ್ತಿ ಒಂದೇ.

ಆರನೆಯ ಇಯತ್ತೆಗೆ ಸಾಲೆ ಬಿಟ್ಟು ಕಬ್ಬಿಣ ಹಿಡಿದವನು ನಾನು. ಯಾರ ಕೈಕೆಳಗೂ ಬಹಳ ದಿನ ನಿಲ್ಲಲಿಲ್ಲ. ನಾನು ಮಾಡಿದ ಗೇಟು ಜೋತು ಬಿದ್ದಿದೆ ಎಂದು ಇಲ್ಲಿಯವರೆಗೆ ಒಬ್ಬರೂ ಬಾಯಿ ಬಿಟ್ಟಿಲ್ಲ. ನನ್ನ ಹತ್ತಿರ ಇರುವ ಕಬ್ಬಿಣಕ್ಕೆ ತುಕ್ಕು ಹತ್ತಿದರೆ ನನಗೆ ಊಟ ಸೇರುವುದಿಲ್ಲ. ಆ ಕತ್ತಿಯಂತೂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಂದವರು ಮೊದಲು ಅದನ್ನೇ ನೋಡಬೇಕು, ಯಾರದು ಎಂದು ಕೇಳಬೇಕು, ನಾನು ಹೇಳಬೇಕು. ಪ್ರತಿ ವರ್ಷವೂ ಹಾಗೆಯೇ ಆಗುತ್ತಿತ್ತು.

ಆ ವರ್ಷ ಕೇಳಿದವರು ನಮ್ಮ ಓಣಿಯಲ್ಲೇ ಇರುವ ಒಬ್ಬ ನಿವೃತ್ತ ಸುಬೇದಾರರು. ಪ್ರಸಾದ ತೆಗೆದುಕೊಂಡು, ಬಗ್ಗಿ ಕತ್ತಿ ನೋಡಿ ನಕ್ಕರು.

"ಏನ್ರಿ ಮಿಸ್ತ್ರಿ, ಇದರಾಗ ಮುಖ ನೋಡ್ಕೊಂಡು ದಾಡಿ ಮಾಡ್ಕೋತೀರೇನ್ರಿ?"

"ನಮ್ಮ ಮುತ್ಯಾಂದು ಅದರಿ. ಬರ್ಮಾದಾಗ ಇದರಲಿಂದ ದುಶ್ಮನ್‌ರ ರುಂಡ ಹಾರ್ಸ್ಯಾನ್ರಿ."

ಅವರು ಕತ್ತಿ ಎತ್ತಿ ಕೈಯಲ್ಲಿ ತೂಗಿದರು. ಬೆನ್ನಿನ ಮೇಲೆ ಹೆಬ್ಬೆರಳು ಓಡಿಸಿದರು.

"ರುಂಡ ಅಲ್ರಿ, ಬಿದಿರು. ಇದು ರಸ್ತಾ ಮಾಡೋ ಪಲ್ಟನ್‌ದವರಿಗಿ ಕೊಡ್ತಿದ್ದ ಕತ್ತಿ. ಬೆನ್ನು ಎಷ್ಟು ದಪ್ಪ ಅದ ನೋಡ್ರಿ. ಮುಂದ ಭಾರ, ಹಿಂದ ಹಗುರ. ಕಾಡು ಸವರೋದಕ್ಕ, ಕಂಬ ಕಡಿಯೋದಕ್ಕ ಮಾಡಿದ್ದು. ಹೊಡದಾಡೋ ಚಾಕು ಬ್ಯಾರೇನೇ ಇರ್ತದ."

ನನಗೆ ಸಿಟ್ಟು ಬಂತು. ಹಬ್ಬದ ದಿನವೆಂದು ತಡೆದುಕೊಂಡೆ. ಅವರು ಹಿಡಿಕೆಯ ಬುಡದಲ್ಲಿ ಏನನ್ನೋ ಹುಡುಕುತ್ತಿದ್ದರು.

"ಸರಕಾರಿ ಮಾಲಿಗಿ ಇಲ್ಲಿ ಬಾಣದ ನಿಶಾನಿ ಹೊಡೀತಿದ್ದರು. ಅದರ ಬಾಜೂಕ ಕಾರ್ಖಾನಿ ಗುರ್ತು, ವರ್ಷ. ಎಲ್ಲಾ ಎಲ್ಲಿ ಹೋಯ್ತು? ಹಿಡಿಕಿನೂ ಹೊಸಾದು ಹಾಕ್ಸೀರಿ. ಎಲ್ಲರ ಕತ್ತಿ ಒಂದೇ ನಮೂನಿ ಇರ್ತಿದ್ದವು ಅಂತ ಸಿಪಾಯಿಗೋಳು ಹಿಡಿಕಿ ಮ್ಯಾಲ ತಮ್ಮ ತಮ್ಮ ಗುರ್ತು ಕೆತ್ಕೋತಿದ್ದರು. ಅದೂ ಇಲ್ಲ."

"ಅವ್ವ ಪ್ರತಿ ದಸರಾಕ್ಕ ಹುಣಸಿಹಣ್ಣು ಹಚ್ಚಿ, ಇಟ್ಟಂಗಿ ಪುಡೀಲೆ ತಿಕ್ಕತಿದ್ದಳ್ರಿ. ಆಕಿ ಹೋದ ಮ್ಯಾಲ ನಮ್ಮ ಮನಿಯಾಕಿ ತಿಕ್ಕತಾಳ. ನೀರು ಕುಡ್ದು ಕುಡ್ದು ಹಿಡಿಕಿ ಸೀಳ್ತು. ಅಪ್ಪ ಹಲಬರ್ಗಾದ ಬಡಿಗನಿಗಿ ಹೇಳಿ ಜಾಲಿ ಕಟ್ಟಿಗಿದು ಹಾಕಿಸಿದ."

"ಮತ್ತ ನಾ ಏನ್ ಹೇಳ್ಲಿ? ಆಕಾರ ಫೌಜಿನದು ಅದ, ಅಷ್ಟು ಹೇಳಬಹುದು. ಯಾರದು ಅಂತ ಹೇಳಾಕ ಬರಂಗಿಲ್ಲ. ಲಡಾಯಿ ಮುಗದ ಮ್ಯಾಲ ಇಂಥವು ಬಜಾರದಾಗ ಬೇಕಾದಷ್ಟು ಮಾರಾಟಕ್ಕ ಬಂದಿದ್ದವು."

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಬಜಾರ ಎಂಬ ಆ ಮಾತು ನಮ್ಮ ಮನೆತನಕ್ಕೆ ಹೊಸದಲ್ಲ. ಅದರ ಕಥೆ ಹೇಳಬೇಕು.

ನಮ್ಮ ಮೂಲ ಊರು ಭಾಲ್ಕಿ ತಾಲ್ಲೂಕಿನ ಹಲಬರ್ಗಾ. ಮುತ್ಯಾ ಅಲ್ಲಿಂದ ಫೌಜಿಗೆ ಹೋದಾಗ ನನ್ನ ಅಪ್ಪ ಅಂಬೆಗಾಲಿಡುವ ಕೂಸು. ಅತ್ತೆ, ಅಂದರೆ ಅಪ್ಪನ ತಂಗಿ, ಇನ್ನೂ ಹೊಟ್ಟೆಯಲ್ಲಿದ್ದಳು. ಮುತ್ಯಾನ ಜೊತೆ ಭಾತಂಬ್ರಾದ ಒಬ್ಬ ಗೆಳೆಯನೂ ಹೋಗಿದ್ದ, ಕ್ರೈಸ್ತರ ಮನೆತನದವನು. ಲಡಾಯಿ ಮುಗಿದ ಮೇಲೆ ಅವನೊಬ್ಬನೇ ಬಂದ. ಮನೆಯ ಬಾಗಿಲಲ್ಲಿ ನಿಂತು ಆಯಿಯ, ಅಂದರೆ ಮುತ್ಯಾನ ಹೆಂಡತಿಯ, ಕೈಗೆ ಈ ಕತ್ತಿ ಕೊಟ್ಟು, "ಅವ ಗುಡ್ಡದಾಗ ಉಳದ" ಎಂದನಂತೆ. ಸತ್ತ ಎನ್ನಲಿಲ್ಲ. ಬರುತ್ತಾನೆ ಎಂದೂ ಹೇಳಲಿಲ್ಲ. ನೀರು ಕೂಡ ಕುಡಿಯದೆ ಹೋದನಂತೆ.

ಫೌಜಿನಿಂದ ಕಾಗದ ಬಂದಿತ್ತೋ ಇಲ್ಲವೋ ಗೊತ್ತಿಲ್ಲ, ಬಂದಿದ್ದರೂ ಓದುವವರಿರಲಿಲ್ಲ. ನಿಜಾಮನ ಆಳ್ವಿಕೆ ಮುಗಿಯುವ ಹೊತ್ತಿನ ಗದ್ದಲದಲ್ಲಿ ಮನೆಯೂ ಸುಟ್ಟು, ಈ ಕತ್ತಿ, ನಾಲ್ಕು ಪಾತ್ರೆ ಬಿಟ್ಟು ಏನೂ ಉಳಿಯಲಿಲ್ಲ. ಸತ್ತ ಎಂದು ಯಾರೂ ಹೇಳಲಿಲ್ಲವಾದ್ದರಿಂದ ಆಯಿ ಬಳೆ ಒಡೆಯಲಿಲ್ಲ, ಕುಂಕುಮ ಅಳಿಸಲಿಲ್ಲ. ಮುಪ್ಪಾಗಿ ಸಾಯುವ ದಿನವೂ ಅವಳ ಕೈಯಲ್ಲಿ ಹಸಿರು ಬಳೆ ಇದ್ದವು. ಊರ ಮಂದಿಗೆ ಅಷ್ಟೇ ಸಾಕಾಯಿತು. ಗಂಡ ಲಡಾಯಿಯಲ್ಲಿ ಸತ್ತಿದ್ದರೆ ಬಳೆ ಯಾಕೆ? ಎಲ್ಲೋ ಇದ್ದಾನೆ, ಅವಳಿಗೆ ಗೊತ್ತಿದೆ. ಕತ್ತಿ ಬಜಾರದಲ್ಲಿ ಕೊಂಡು ತಂದು ತೋರಿಸುತ್ತಾರೆ ಎಂದು ಆಡಿಕೊಂಡರು.

ಅಪ್ಪ ಗಂಡಸು, ಮೈಮೇಲೆ ಹೋಗಿ ಬಾಯಿ ಮುಚ್ಚಿಸಿದ. ಅತ್ತೆಗೆ ಆಗಲಿಲ್ಲ. ಅವಳನ್ನು ಔರಾದ ತಾಲ್ಲೂಕಿನ ಡಾಬಕಾಕ್ಕೆ ಕೊಟ್ಟರು. ಮಾತು ಅವಳಿಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. "ನಿಮ್ಮಪ್ಪ ಲಡಾಯಿಗಿ ಅಲ್ಲ, ಲಾತೂರಿಗಿ ಹೋಗ್ಯಾನ. ಅಲ್ಲೊಬ್ಬಾಕಿ ಇದ್ದಾಳಂತ" ಎಂದು ಅವಳ ಗಂಡನ ತಾಯಿ ರೊಟ್ಟಿ ಬಡಿಯುತ್ತ ಹೇಳುತ್ತಿದ್ದಳಂತೆ, ದಿನಕ್ಕೊಂದು ಸಲ, ಉಪ್ಪು ಕೇಳಿದ ಹಾಗೆ.

ದಸರೆಗೆ ಹಿರಿಯರ ಕೈಗೆ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟುವುದು ನಮ್ಮ ಪದ್ಧತಿ. ಅಪ್ಪ ಹೋದ ಮೇಲೆ ನನಗೆ ಉಳಿದ ಹಿರಿಯಳು ಅತ್ತೆ ಒಬ್ಬಳೇ. ಸುಬೇದಾರರ ಮಾತು ಎದೆಯಲ್ಲಿಟ್ಟುಕೊಂಡೇ ಆ ವರ್ಷವೂ ಬನ್ನಿ ತೆಗೆದುಕೊಂಡು ಡಾಬಕಾಕ್ಕೆ ಹೋದೆ. ಅವಳ ಕಣ್ಣು ಹೋಗಿ ಕೆಲವು ವರ್ಷ ಆಗಿವೆ. ಅಂಗಳದ ಹೊರಸಿನ ಮೇಲೆ ಕೂತಿದ್ದಳು. ಬನ್ನಿ ಕೈಗಿಟ್ಟೆ.

"ಬಂಗಾರದಂಗ ಇರು, ತಮ್ಮಾ. ಕತ್ತಿಗಿ ಪೂಜಿ ಆಯ್ತಾ?"

ಸುಳ್ಳು ಹೇಳಬಹುದಿತ್ತು. ನನಗೆ ಬರುವುದಿಲ್ಲ. ಸುಬೇದಾರರು ಅಂದದ್ದನ್ನೆಲ್ಲ ಹೇಳಿದೆ. ಬಿದಿರಿನ ಮಾತಿಗೆ ತಲೆಯಾಡಿಸಿದಳು. ಬಜಾರದ ಮಾತಿಗೆ ಮುಖ ಆ ಕಡೆ ತಿರುಗಿಸಿದಳು.

"ಅವನೂ ಅದೇ ಅಂದ?"

"ಹಂಗಲ್ಲ ಅತ್ತಿ. ಗುರ್ತು ಇಲ್ಲದಕ್ಕ ಹೇಳಾಕ ಬರಂಗಿಲ್ಲ ಅಂದ."

"ಎರಡೂ ಒಂದೇ." ಕೈಯಲ್ಲಿದ್ದ ಬನ್ನಿ ಎಲೆ ತಿರುವಿದಳು. "ನಾ ಹೋಗೋದ್ರೊಳಗ ಒಂದು ಗೊತ್ತಾಗಬೇಕು ನನಗ. ನಮ್ಮಪ್ಪ ಲಡಾಯಿಗಿ ಹೋದವನೋ, ನಮ್ಮನ್ನ ಬಿಟ್ಟು ಓಡಿ ಹೋದವನೋ. ಬ್ಯಾರೆ ಏನೂ ಕೇಳಂಗಿಲ್ಲ. ನೀ ಕಬ್ಬಿಣ ತಿಳದವ ಇದ್ದಿ, ಇಷ್ಟು ಮಾಡು."

ಆಮೇಲೆ ಅವಳೇ ಒಳಗಿನ ತಾಮ್ರದ ಕೊಡ ತರಿಸಿದಳು. ಆಯಿ ಅದನ್ನು ಮದುವೆಯಲ್ಲಿ ಅವಳಿಗೆ ಕೊಟ್ಟದ್ದು. ನಮ್ಮ ಕಡೆ ಲಗ್ನಕ್ಕೆ ಮನೆಮನೆಯ ಪಾತ್ರೆ-ಭಾಂಡೆ ಕೂಡಿಸುತ್ತಾರೆ. ಅದಲು ಬದಲಾಗಬಾರದೆಂದು ಪ್ರತಿ ಮನೆಯವರೂ ಒಂದು ಗುರುತು ಹೊಡೆದಿರುತ್ತಾರೆ. ನಮ್ಮ ಮನೆಯದು ಒಂದು ಕುಡಗೋಲು, ಅದರ ಕೆಳಗೆ ಮೂರು ಚುಕ್ಕಿ. ಮುತ್ಯಾ ತಾನೇ ಮೊಳೆಯಿಂದ ಹೊಡೆದದ್ದಂತೆ. ಅತ್ತೆ ನನ್ನ ಬೆರಳು ಹಿಡಿದು ಕೊಡದ ಕಂಠದ ಮೇಲೆ ಇಟ್ಟಳು.

"ಹಿಡಿಕಿ ಮ್ಯಾಲ ಗುರ್ತು ಕೆತ್ಕೋತಿದ್ದರು ಅಂದ್ಯಲ್ಲ. ನಮ್ಮಪ್ಪ ಕೆತ್ತಿದ್ರ ಇದೇ ಕೆತ್ತಿರಬೇಕು. ಅವನಿಗಿ ಬ್ಯಾರೆ ಅಕ್ಷರ ಎಲ್ಲಿ ಬರ್ತಿತ್ತು?"

ಆದರೆ ಆ ಹಿಡಿಕೆ ಎಲ್ಲಿದೆ? ಬಡಿಗ ಬಿಚ್ಚಿ ಕೊಟ್ಟ ಹಳೆ ಕಟ್ಟಿಗೆಯನ್ನು ಅವ್ವ ನೀರೊಲೆಗೆ ಹಾಕಿದ್ದಳು. ಅದನ್ನು ಅತ್ತೆಗೆ ಹೇಳಲಿಲ್ಲ.

ಉಳಿದ ದಾರಿ ಭಾತಂಬ್ರಾ ಒಂದೇ. ಆ ಗೆಳೆಯನಿಗೂ ಅಂಥದೇ ಕತ್ತಿ ಸಿಕ್ಕಿರಬೇಕು. ಅವರ ಮನೆಯಲ್ಲಿ ಅದು ಉಳಿದಿದ್ದರೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಒಂದೇ ಪಲ್ಟನ್‌ನದು ಎಂದಾದರೂ ಹೇಳಬಹುದು. ನಮ್ಮ ಕತ್ತಿಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಗಾಡಿಯ ಡಿಕ್ಕಿಯಲ್ಲಿಟ್ಟುಕೊಂಡು ಹೊರಟೆ. ದಾರಿಯುದ್ದಕ್ಕೂ ಸೋಯಾ ಒಣಹಾಕಿದ್ದರು. ಮೋಡ ಕವಿದಿತ್ತು, ರಾಶಿ ಮುಚ್ಚಲು ಮಂದಿ ತಾಡಪತ್ರಿ ಹಿಡಿದು ಓಡಾಡುತ್ತಿದ್ದರು.

ಚರ್ಚಿನ ಹಿಂದಿನ ಓಣಿಯಲ್ಲಿ ಕೇಳಿದೊಡನೆ ಮನೆ ತೋರಿಸಿದರು. ಆ ಗೆಳೆಯನ ಮಗಳು ಈಗಲೂ ಅಲ್ಲಿದ್ದಾರೆ. ದವಾಖಾನೆಯಲ್ಲಿ ನರ್ಸ್ ಆಗಿ ದುಡಿದು ರಿಟೈರ್ ಆದ ಹೆಂಗಸು, ಊರೆಲ್ಲ ಸಿಸ್ಟರಬಾಯಿ ಅನ್ನುತ್ತದೆ. ನಾನು ಹಲಬರ್ಗಾ ಎಂದೆ, ಮುತ್ಯಾನ ಸುದ್ದಿ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬರ್ರಿ, ಕೂಡ್ರಿ. ನಿಮ್ಮ ಮನಿಯವರು ಒಂದಿಲ್ಲೊಂದು ದಿನ ಬರ್ತಾರ ಅಂತ ನಮ್ಮಪ್ಪ ಕೊನೀತನಕ ಅಂತಿದ್ದ. ಭಾಳ ತಡಾ ಮಾಡಿ ಬಂದ್ರಿ."

ಮಂಚದ ಕೆಳಗಿಂದ ತಗಡಿನ ಪೆಟ್ಟಿಗೆ ಎಳೆದರು. ಹಳೆ ಕಂಬಳಿಯ ಅಡಿಯಲ್ಲಿ ಚರ್ಮದ ಒರೆ, ಒಣಗಿ ಕಟ್ಟಿಗೆಯಂತಾಗಿತ್ತು. ಕತ್ತಿ ಅದರೊಳಗೆ ಕಚ್ಚಿ ಕೂತಿತ್ತು. ಅವರು ಜಗ್ಗಲು ಹೋದಾಗ ನಾನು ಬೇಡ ಎಂದೆ. ಒರೆಯ ಬಾಯಿಗೆ ಸುತ್ತಲೂ ಹೊಲಿಗೆ ಮಶೀನಿನ ತೆಳು ಎಣ್ಣೆ ಹನಿ ಹನಿ ಬಿಟ್ಟು ಕಾದೆ. ಚಹಾ ಆಯಿತು, ಮಳೆ ಒಂದು ಸಲ ಬಂದು ಹೋಯಿತು. ಆಮೇಲೆ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತ ಮಾಡುತ್ತ ಕತ್ತಿ ಬಿಟ್ಟಿತು.

ಅಲಗು ಕಪ್ಪಾಗಿತ್ತು. ಹಿತ್ತಾಳೆಯ ರಿವಿಟ್‌ಗಳ ಸುತ್ತ ಹಸಿರು ಕಿಲುಬು. ಮೊನೆ ಇರಲಿಲ್ಲ. ಬೆರಳಗಲ ಮುರಿದು ಹೋಗಿತ್ತು. ಆದರೆ ಹಿಡಿಕೆಯ ಬುಡದಲ್ಲಿ, ಆ ಕಪ್ಪಿನ ಕೆಳಗೆ, ಬಾಣ ಕಂಡಿತು. ಸುಬೇದಾರರು ಹೇಳಿದ ಜಾಗದಲ್ಲೇ.

ನನ್ನ ಕೈ ತಾನಾಗಿ ಸಾಮಾನಿನ ಚೀಲದಲ್ಲಿದ್ದ, ತುಕ್ಕು ಉಜ್ಜುವ ಎಮರಿ ಕಾಗದಕ್ಕೆ ಹೋಯಿತು. ಒಂದು ಸಲ ಉಜ್ಜಿದರೆ ಸ್ಪಷ್ಟ ಕಾಣುತ್ತದೆ ಎಂದು. ಸಿಸ್ಟರಬಾಯಿ ಕೈ ಮೇಲೆ ಪಟ್ಟನೆ ಹೊಡೆದರು.

"ಹಕ್ಕಳಿ ಕೀಳಬ್ಯಾಡ್ರಿ! ಕಿತ್ರ ಗಾಯ ಮತ್ತ ದೊಡ್ಡದಾಗ್ತದ."

ಕಾಗದ ಒಳಗಿಟ್ಟೆ. ಮೆತ್ತಗಿನ ಒಣ ಅರಿವೆಯಿಂದ ಹಿಡಿಕೆಯ ಧೂಳಷ್ಟೇ ಒರೆಸಿದೆ. ಬೆರಳಿಗೆ ಏನೋ ತಾಕಿತು. ಕಿಟಕಿಯ ಬೆಳಕಿಗೆ ಹಿಡಿದೆ.

ಒಂದು ಕುಡಗೋಲು. ಅದರ ಕೆಳಗೆ ಮೂರು ಚುಕ್ಕಿ.

ಚುಕ್ಕಿಗಳನ್ನು ಬೆರಳಿನಿಂದ ಮತ್ತೊಮ್ಮೆ ಎಣಿಸಿದೆ. ಸಿಸ್ಟರಬಾಯಿಗೆ ಆಶ್ಚರ್ಯ ಆದ ಹಾಗೆ ಕಾಣಲಿಲ್ಲ.

"ಹೌದ್ರಿ, ಅದು ನಿಮ್ಮ ಮುತ್ಯಾಂದೇ. ನಿಮ್ಮ ಮನ್ಯಾಗ ಇರೋದು ನಮ್ಮಪ್ಪಂದು. ಅಪ್ಪ ಮುಪ್ಪಿನ ಕಾಲಕ್ಕ ನನ್ನ ಮುಂದ ಹೇಳ್ಯಾನ. ನಿಮ್ಮ ಮುತ್ಯಾ ಜ್ವರದಾಗ ಹೋದನಂತ, ರಸ್ತಾ ಮಾಡೋ ಜಾಗದಾಗೇ. ಮಳಿ, ಕಲ್ಲು ಕಲ್ಲು ನೆಲ. ಪಲ್ಟನ್ ಮುಂದ ಹೋಗಿತ್ತು, ಸಲಕಿ, ಹಾರಿ, ನೆಲ ಅಗಿಯೋ ಸಾಮಾನು ಎಲ್ಲಾ ಗಾಡಿ ಜೋಡಿ ಹೋಗಿದ್ದವು. ಅವನಿಗಿ ಹುಗಿಯಾಕ ಅಪ್ಪ ಈ ಕತ್ತೀಲೇ ಕುಣಿ ತೋಡಿದ. ಮೊನಿ ಅಲ್ಲೇ ಮುರೀತು."

"ಮತ್ತ ನಮ್ಮ ಆಯಿಗಿ ಯಾಕ ಹೇಳಲಿಲ್ಲರಿ?"

"ಹೇಳಬೇಕಂತೇ ಬಂದಿದ್ದ. ನಿಮ್ಮ ಆಯಿ ಬಗಲಾಗ ಹೆಣ್ಣು ಕೂಸು ಎತ್ಕೊಂಡು, ಕೈ ತುಂಬ ಬಳಿ ಹಾಕ್ಕೊಂಡು ಬಾಗಲಾಗ ಬಂದು ನಿಂತಳಂತ. ಗಂಡನ ಕುಣಿ ತೋಡಿದ ಕತ್ತಿ, ಅದೂ ಮುಕ್ಕಾದದ್ದು, ಆಕಿ ಕೈಯಾಗ ಹ್ಯಾಂಗ ಇಡ್ಲಿ ಅಂತ ತನ್ನ ಕತ್ತಿ ತೆಗೆದು ಕೊಟ್ಟು ಬಂದ. ಬಾಯಿಗಿ ಅಷ್ಟೇ ಮಾತು ಬಂತು, ಗುಡ್ಡದಾಗ ಉಳದ ಅಂತ. ಖರೆನೇ ಅಲ್ರಿ ಅದು?"

ನಾನು ಎದ್ದು ಹೋಗಿ ಗಾಡಿಯಿಂದ ಕೆಂಪು ಬಟ್ಟೆಯ ಗಂಟು ತಂದು ಅವರ ಮಡಿಲಲ್ಲಿಟ್ಟೆ. ಬಿಚ್ಚಿದರು. ಕತ್ತಿ ಆ ಮಬ್ಬು ಕೋಣೆಯಲ್ಲಿಯೂ ಹೊಳೆಯಿತು. ಕುಂಕುಮ ಇನ್ನೂ ಹಾಗೆಯೇ ಇತ್ತು. ಅವರು ಜಾಲಿಯ ಹಿಡಿಕೆಯನ್ನು ಸುತ್ತ ತಿರುಗಿಸಿ ನೋಡಿದರು.

"ಅಪ್ಪ ಮಿಶನ್ ಸಾಲ್ಯಾಗ ಓದಿದವ್ನರಿ. ಇದರ ಮ್ಯಾಲ ತನ್ನ ಹೆಸರು ಕೆತ್ತಿದ್ದನಂತ. ಭಾಳ ಛಂದ ಬಂದಿತ್ತು ಅಂತಿದ್ದ."

ಆ ಹೆಸರು ನಮ್ಮ ನೀರೊಲೆಯಲ್ಲಿ ಉರಿದು ಹೋಗಿತ್ತು. ಕೊನೆಗೆ ಹೇಳಿದೆ. ಅವರು ತಲೆಯಾಡಿಸಿದರು.

"ನೀವು ಪೂಜಿ ಮಾಡಿ ಅಳಿಸೀರಿ, ನಾವು ಮರ್ತು ಉಳಿಸೀವಿ. ಏನ್ ಮಾಡೋದ್ರಿ." ನಕ್ಕರು, ಆದರೆ ಸೆರಗಿನಿಂದ ಆ ಕುಂಕುಮವನ್ನು ಒರೆಸುವಾಗ ನನ್ನ ಕಡೆ ನೋಡಲಿಲ್ಲ. ಕತ್ತಿ ಅದಲು ಬದಲು ಮಾಡಿಕೊಂಡು ಹೊರಟೆ. ಬಾಗಿಲವರೆಗೂ ಬರಲಿಲ್ಲ ಅವರು.

ಬೀದರಿಗೆ ಬಂದು ಮುತ್ಯಾನ ಕತ್ತಿಯನ್ನು ಅಂಗಡಿಯ ಮೇಜಿನ ಮೇಲಿಟ್ಟು ಕೂತೆ. ಜೀವಮಾನವೆಲ್ಲ ಕಬ್ಬಿಣ ಉಜ್ಜಿ ಬಿಳಿ ಮಾಡಿದ ಕೈಗೆ, ಉಜ್ಜದೆ ಇರುವುದು ಎಂಥ ಕಷ್ಟ ಎಂದು ಆಗ ತಿಳಿಯಿತು. ನೀರು ಮುಟ್ಟಿಸಲಿಲ್ಲ. ಹುಣಸೆಹಣ್ಣು, ಬೂದಿ, ಇಟ್ಟಿಗೆ ಪುಡಿ ಯಾವುದೂ ಇಲ್ಲ. ಕಿಲುಬನ್ನು ಬಿದಿರಿನ ಚೂಪು ಕಡ್ಡಿಯಿಂದ ಮೆಲ್ಲಗೆ ಬಿಡಿಸಿದೆ, ಮೊಳೆಯಿಂದ ಅಲ್ಲ. ಅಲಗಿಗೆ ತೆಳು ಎಣ್ಣೆ ಹಚ್ಚಿ ಹಳೆ ಧೋತರದ ಚೂರಿನಿಂದ ಒರೆಸಿದೆ. ಕೆಂಪಗೆ ಉದುರುವ ತುಕ್ಕು ಅರಿವೆಗೆ ಬಂತು, ಕಪ್ಪು ಹಾಗೆಯೇ ಉಳಿಯಿತು. ಉಳಿಯಲಿ, ಆ ಕಪ್ಪೇ ಕೆಳಗಿನ ಅಕ್ಷರ ಕಾಯ್ದಿದೆ. ಹಿಡಿಕೆಗೆ ಬೆರಳ ತುದಿಯಿಂದ ಅಗಸೆ ಎಣ್ಣೆ ಸವರಿದೆ. ಒರೆಯನ್ನು ಬೇರೆ ಇಟ್ಟೆ, ಚರ್ಮ ತೇವ ಹಿಡಿಯುತ್ತದೆ, ಒಳಗಿಟ್ಟ ಕಬ್ಬಿಣ ತಿನ್ನುತ್ತದೆ. ಯಾರ ಮನೆಯಲ್ಲಾದರೂ ಇಂಥದೊಂದು ಇದ್ದರೆ ಇಷ್ಟೇ ಮಾಡಿರಿ. ತೊಳೆಯುವ ಮೊದಲು ಓದಿರಿ. ಓದಲು ಬಾರದಿದ್ದರೆ ಬಲ್ಲವರಿಗೆ ತೋರಿಸಿರಿ.

ಡಾಬಕಾದ ದಾರಿಯಲ್ಲಿ ಒಂದು ನಿರ್ಧಾರ ಮಾಡಿಕೊಂಡೆ. ಗುರುತು ತೋರಿಸುವುದು, ಬಾಣ ತೋರಿಸುವುದು, ಅಷ್ಟಕ್ಕೇ ನಿಲ್ಲಿಸುವುದು. ಕೇಳಿದ್ದು ಅವಳು ಅಷ್ಟೇ. ಜೀವ ಹೋಗುವ ವಯಸ್ಸಿನಲ್ಲಿ ಕುಣಿಯ ಮಾತು ಯಾಕೆ?

ಅತ್ತೆ ಅದೇ ಹೊರಸಿನ ಮೇಲಿದ್ದಳು. ಮುತ್ಯಾನ ಕತ್ತಿ ಅದಲು ಬದಲಾಗಿ ಭಾತಂಬ್ರಾದಲ್ಲಿ ಉಳಿದಿತ್ತು ಎಂದಷ್ಟೇ ಹೇಳಿ, ಅದರ ಹಿಡಿಕೆ ಅವಳ ಕೈಗಿಟ್ಟೆ. ಬೆರಳು ಹುಡುಕಿದವು. ಕುಡಗೋಲು ಸಿಕ್ಕಿತು. ಒಂದು, ಎರಡು, ಮೂರು ಚುಕ್ಕಿ. ಅವಳ ಮುಖ ಹಾಗೆ ಅರಳಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಒಳಗಿದ್ದ ಸೊಸೆಗೆ ಕೂಗಿ ಹೇಳಿದಳು, ಗೋಡೆಯಾಚೆಯ ಮನೆಗೂ ಕೇಳುವ ಹಾಗೆ:

"ಏ ಬರ್ರೇ ಇಲ್ಲಿ! ಲಾತೂರ ಲಾತೂರ ಅಂತಿದ್ದಳಲ್ಲ ನಮ್ಮತ್ತಿ, ಸತ್ತು ಹೋದಾಕಿಗಿ ಎಬ್ಬಿಸಿ ತೋರಸ್ರಿ. ನಮ್ಮಪ್ಪನ ಕೈ ಬರಹ ನೋಡ್ರಿ ಇದು!"

ಸೊಸೆ ಹಿಟ್ಟಿನ ಕೈಯಲ್ಲೇ ಬಂದು ನಕ್ಕಳು. ನಾನೂ ನಕ್ಕೆ. ನೋಡುತ್ತಿದ್ದ ಹಾಗೆ ಅತ್ತೆಯ ಕೈ ಅಲಗಿನ ಬೆನ್ನು ಹಿಡಿದು ಮುಂದೆ ಮುಂದೆ ಹೋಯಿತು, ತುದಿಯವರೆಗೆ. ಅಲ್ಲಿ ನಿಂತಿತು.

"ಮೊನಿ ಎಲ್ಲಿ?"

"ಮುರದದ ಅತ್ತಿ."

"ಹ್ಯಾಂಗ ಮುರೀತು? ಇಷ್ಟು ದಪ್ಪಂದು."

"ಹಳೀದು ಅದಲ್ಲ, ಅದಕ್ಕ."

"ತಮ್ಮಾ, ಕಣ್ಣು ಹೋಗ್ಯಾವ. ಕಿವಿ ಅವ. ನಿನ್ನ ದನಿ ಯಾಕ ಹಿಂಗಾಯ್ತು?"

ಹೇಳಿದೆ. ಜ್ವರ, ಮಳೆ, ಕಲ್ಲು ನೆಲ, ಕುಣಿ. ಅವಳು ಕತ್ತಿಯನ್ನು ಮೆಲ್ಲಗೆ ಹೊರಸಿನ ಮೇಲಿಟ್ಟಳು, ಮಲಗಿದ ಕೂಸನ್ನು ಇಟ್ಟ ಹಾಗೆ.

"ಹಂಗಾರ ಅವ ಸತ್ತಾನ."

"ಅತ್ತಿ, ಅದು ಯಾವ ಕಾಲದ ಮಾತು. ಈಗ ಇದ್ದಿದ್ರನೂ ಅವನ ವಯಸ್ಸು..."

"ಅದು ನಿನ್ನ ಲೆಕ್ಕ. ನನಗ ಇವತ್ತ ಸತ್ತಾನ." ಅವಳ ದನಿಯಲ್ಲಿ ಅಳು ಇರಲಿಲ್ಲ, ಸುಸ್ತು ಇತ್ತು. "ಮಂದಿ ಲಾತೂರ ಅಂದಾಗೆಲ್ಲ ನಾ ಅಳ್ತಿದ್ದೆ ಖರೆ. ಆದ್ರ ಒಳಗೊಳಗ ಒಂದು ಇತ್ತು. ಲಾತೂರದಾಗ ಇದ್ರ ಒಂದಿನ ಬಂದಾನಲ್ಲ ಅಂತ. ಇಲ್ಲಿಂದ ಎಷ್ಟು ದೂರ ಅದ ಲಾತೂರ? ಸಣ್ಣಾಕಿ ಇದ್ದಾಗಿಂದ ಬಾಗಲ ಸಪ್ಪಳ ಆದ್ರ ಸಾಕು, ಎದ್ದು ಕೂಡ್ತಿದ್ದೆ. ಈಗೀಗನೂ."

ಸೊಸೆ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ ನಿಂತಿದ್ದಳು.

"ಅವ್ವ ಬಳಿ ಒಡಕೊಳ್ಳಲಿಲ್ಲ, ನಾ ನೀರ ಹಾಕ್ಕೊಳ್ಳಲಿಲ್ಲ. ಎಬ್ಬಿಸ್ರಿ ನನಗ."

ದೂರದ ಸಾವಿನ ಸುದ್ದಿ ಕಿವಿಗೆ ಬಿದ್ದೊಡನೆ ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ತಣ್ಣೀರು ಹಾಕಿಕೊಳ್ಳುವುದು ನಮ್ಮ ಪದ್ಧತಿ. ಅವಳ ಮೈಗೆ ಆಗುವುದಿಲ್ಲ, ಬೆಚ್ಚಗೆ ಮಾಡಿಕೊಡುತ್ತೇವೆ ಎಂದು ಸೊಸೆ ಬೇಡಿಕೊಂಡಳು. ಕೇಳಲಿಲ್ಲ. ಬಚ್ಚಲ ಕಲ್ಲಿನ ಮೇಲೆ ಕೂಡಿಸಿದೆವು. ಒಳಗಿನಿಂದ ಆ ತಾಮ್ರದ ಕೊಡವನ್ನೇ ತಾ ಎಂದಳು. ತಂದು ನಾನೇ ಸುರಿದೆ. ಅವಳು ಮುಖ ಮೇಲೆತ್ತಿ ಕೂತಿದ್ದಳು, ತುಟಿ ನಡುಗುತ್ತಿದ್ದವು, ಮಂಡೆಯ ಬಿಳಿ ಕೂದಲು ಬುರುಡೆಗೆ ಅಂಟಿತ್ತು. ಅಳು ಆಗ ಬಂತು. ಮುದುಕಿಯ ಅಳು ಅಲ್ಲ. ಅಪ್ಪನನ್ನು ಆಗ ತಾನೇ ಕಳೆದುಕೊಂಡ ಸಣ್ಣ ಹುಡುಗಿಯ ಅಳು. ಗೋಡೆಯಾಚೆಯವರು ಬಂದು ಬಾಗಿಲಲ್ಲಿ ನಿಂತರು, ಯಾರು ಹೋದರು ಎಂದು ಕೇಳಿದರು. ಏನೆಂದು ಹೇಳುವುದು? ಅತ್ತೆಯ ಅಪ್ಪ ಎಂದೆ.

ಸೀರೆ ಬದಲಿಸಿ ಕಂಬಳಿ ಹೊದಿಸಿ ಕೂಡಿಸಿದ ಮೇಲೆ, ಕತ್ತಿ ನಿನ್ನ ಹತ್ತಿರವೇ ಇರಲಿ ಎಂದೆ. ಬೇಡ ಎಂದಳು.

"ಒಯ್ಯಿ. ಎಣ್ಣಿ ಹಚ್ಚಿ ಇಡು. ಪೂಜಿಗಿ ಇಡಬ್ಯಾಡ ಇನ್ನ, ಸತ್ತವರ ಸಾಮಾನು ಅದು."

ಹೊರಡುವಾಗ ಬಾಗಿಲನ್ನು ಸಪ್ಪಳವಾಗದ ಹಾಗೆ ಎಳೆದುಕೊಂಡೆ. ಆದರೂ ಕೀಲು ಕಿರ್ ಎಂದಿತು. ತಿರುಗಿ ನೋಡಿದೆ. ಅವಳು ಕಂಬಳಿಯಲ್ಲಿ ಹಾಗೆಯೇ ಕೂತಿದ್ದಳು. ತಲೆ ಎತ್ತಲಿಲ್ಲ.